ಪೊರಕೆ ಹಿಡಿದ ಕೈಯಲ್ಲಿ ಪಿಕ್ಚರ್ ಟ್ಯೂಬು

ಬೆಳಗಿನ ಐದೂವರೆ ಗಂಟೆ. ಮಾರುಕಟ್ಟೆ ಬೀದಿಗೆ ತರಕಾರಿ ಗಾಡಿಗಳು ಇನ್ನೂ ಬಂದಿಲ್ಲ. ಹಳೆಯ ಕಟ್ಟಡವೊಂದರ ನೆಲಮಾಳಿಗೆಗೆ ಇಳಿಯುವ ಹದಿನಾಲ್ಕು ಮೆಟ್ಟಿಲುಗಳ ಮೇಲೆ ಮೊದಲು ಕೀಲಿಗೊಂಚಲಿನ ಸದ್ದು ಕೇಳಿಸುತ್ತದೆ, ಅದರ ಬೆನ್ನಿಗೇ ಖಾಲಿ ಬಕೆಟ್ಟಿನ ಸದ್ದು. ಅವೆರಡರ ಹಿಂದೆ, ಹೆಗಲ ಮೇಲೆ ಒರೆಸುವ ಬಟ್ಟೆ ಹಾಕಿಕೊಂಡು, ಉಡುಪಿನ ತೋಳು ಮೇಲಕ್ಕೆ ಮಡಚಿಕೊಂಡು ಕೀಲಿ ಅಕ್ಕ ಇಳಿದು ಬರುತ್ತಾರೆ. ಹಾಲ್‌ನ ಬಾಗಿಲು, ಒಂಬತ್ತು ಯಂತ್ರಗಳ ಹಿಂಬಾಗಿಲು, ಕೊನೆಯ ಕೋಣೆಯ ಬೀರು, ಎಲ್ಲದರ ಕೀಲಿಯೂ ಅವರ ಸೊಂಟದಲ್ಲಿ ತೂಗುತ್ತದೆ. ಆಡಲು ಬರುವವರು ಇಟ್ಟ ಈ ಹೆಸರು ಈಗ ಅವರ ಮನೆಯ ಬೀದಿಯಲ್ಲೂ ಚಾಲ್ತಿಯಲ್ಲಿದೆ.

ಇದು ವಿಡಿಯೋ ಗೇಮ್ ಹಾಲ್. ಆಟಗಳೆಲ್ಲ ಮೊಬೈಲಿಗೆ ಇಳಿಯುವ ಮೊದಲು ಜನ ನಾಣ್ಯ ಹಾಕಿ ನಿಂತುಕೊಂಡೇ ಆಡುತ್ತಿದ್ದ ಆಳೆತ್ತರದ ಯಂತ್ರಗಳು ಇಲ್ಲಿ ಇನ್ನೂ ಜೀವ ಹಿಡಿದುಕೊಂಡಿವೆ. ಒಂಬತ್ತು ಯಂತ್ರಗಳ ಮೇಲೆ ಅರವತ್ತಮೂರು ಗುಂಡಿಗಳು, ಹತ್ತು ಹಿಡಿಕೆಗಳು, ಎರಡು ಸ್ಟೀರಿಂಗುಗಳು. ಅಕ್ಕ ಪ್ರತಿದಿನ ಇವಿಷ್ಟನ್ನೂ ಒರೆಸುತ್ತಾರೆ. ನೆಲಕ್ಕೆ ಎರಡು ಬಕೆಟ್ ನೀರು, ಹಿಡಿಕೆಗೆ ಸೋಪಿನ ಬಟ್ಟೆ, ಗಾಜಿಗೆ ಒಣಬಟ್ಟೆ. ಸೋತವರ ಗುಂಡಿ ಗೆದ್ದವರ ಗುಂಡಿಗಿಂತ ಹೆಚ್ಚು ಅಂಟಾಗಿರುತ್ತದೆ ಎಂಬುದು ಹನ್ನೊಂದು ವರ್ಷ ಒರೆಸಿ ಒರೆಸಿ ಅವರು ಕಂಡುಕೊಂಡ ಸತ್ಯ. ಬೇಕಾದವರು ಹೋಗಿ ಮುಟ್ಟಿ ನೋಡಬಹುದು.

ಬಾಗಿಲಿನಿಂದ ಮೂರನೆಯದು ದೋಣಿ ಆಟದ ಯಂತ್ರ. ಹಾಲ್‌ನಲ್ಲಿ ಇದಕ್ಕಿಂತ ಹಳೆಯದಿಲ್ಲ. ಸ್ಟೀರಿಂಗ್ ತಿರುಗಿಸುತ್ತ ಬಂಡೆಗಳ ನಡುವೆ ದೋಣಿ ನಡೆಸಬೇಕು, ಆಟ ಅಷ್ಟೇ. ಉಳಿದ ಯಂತ್ರಗಳಲ್ಲಿ ಪರದೆ ಆಡುವವರ ಮುಖಕ್ಕೆ ನೇರವಾಗಿದ್ದರೆ ಇದರಲ್ಲಿ ಅದು ಯಂತ್ರದ ಹೊಟ್ಟೆಯೊಳಗೆ ಅಂಗಾತ ಮಲಗಿದೆ. ಅದರ ಮೇಲೆ ಓರೆಯಾಗಿ ಒಂದು ಕನ್ನಡಿ ಕೂರಿಸಿದ್ದಾರೆ. ಆಡುವವರು ನೋಡುವುದು ಕನ್ನಡಿಯಲ್ಲಿ ಮೂಡಿದ ನದಿಯನ್ನು. ಹಾಗೆ ಮಾಡಿದರೆ ನೀರು ಆಳವಾಗಿ ಕಾಣುತ್ತದಂತೆ. ಆ ಕನ್ನಡಿಯನ್ನು ದಿನಾ ಒರೆಸುವವರೂ ಕೀಲಿ ಅಕ್ಕನೇ.

ಆದರೆ ಇಪ್ಪತ್ತು ದಿನಗಳಿಂದ ಅಲ್ಲಿ ನದಿಯಿಲ್ಲ. ಮೊದಲು ಚಿತ್ರದ ಮೇಲಂಚು ಮಡಚಿಕೊಂಡಿತು, ಆಮೇಲೆ ಕೆಳಗಿನಿಂದ ಕುಗ್ಗತೊಡಗಿತು. ಒಂದು ಮಧ್ಯಾಹ್ನ ನೀರು, ಬಂಡೆ, ದೋಣಿ ಎಲ್ಲವೂ ಸೇರಿ ನಟ್ಟನಡುವೆ ಒಂದೇ ಒಂದು ಬಿಳಿ ಗೆರೆಯಾಗಿ ನಿಂತುಬಿಟ್ಟವು. ನೀರಿನ ಸದ್ದು ಮಾತ್ರ ಬರುತ್ತಿತ್ತು. ಆ ಗೆರೆಯನ್ನು ಹಾಗೇ ಉರಿಯಲು ಬಿಟ್ಟರೆ ಒಳಗಿನ ಗಾಜಿನ ಲೇಪವೇ ಸುಟ್ಟುಹೋಗುತ್ತದೆ ಎಂದು ಕೇಳಿ ತಿಳಿದಿದ್ದ ಅಕ್ಕ ಯಾರ ಅಪ್ಪಣೆಗೂ ಕಾಯದೆ ಸ್ವಿಚ್ ಆರಿಸಿದರು. ಅಂದಿನಿಂದ ಯಂತ್ರ ಕತ್ತಲಲ್ಲಿದೆ.

ಈ ಬುಧವಾರದ ಬೆಳಿಗ್ಗೆ ಅಕ್ಕನ ಕೈಯಲ್ಲಿ ಬಟ್ಟೆಯ ಜೊತೆಗೆ ಸ್ಕ್ರೂಡ್ರೈವರ್ ಇದೆ. ಶನಿವಾರ ಹತ್ತು ಗಂಟೆಗೆ ಗುಜರಿಯವರ ಲಾರಿ ಬರುತ್ತದೆ. ಅಷ್ಟರೊಳಗೆ ಪರದೆ ಬೆಳಗಿದರೆ ದೋಣಿ ಯಂತ್ರ ಹಾಲ್‌ನಲ್ಲೇ ಉಳಿಯುತ್ತದೆ, ಹಿಂದಿನ ರಿಪೇರಿ ಕೋಣೆ ಅಕ್ಕನದಾಗುತ್ತದೆ. ಇಲ್ಲದಿದ್ದರೆ ಯಂತ್ರ ಲಾರಿಗೆ, ಅಕ್ಕ ಪೊರಕೆಗೆ. ಇಲ್ಲಿಯವರೆಗೆ ಅವರು ಇಂಥ ಒಂದು ಪರದೆಯನ್ನೂ ರಿಪೇರಿ ಮಾಡಿದವರಲ್ಲ.

ಕೀಲಿ ಅಕ್ಕನಿಗೆ ಈಗ ನಲವತ್ತಾರು. ಗಂಡ ಬ್ರೆಡ್ ಕಾರ್ಖಾನೆಯಲ್ಲಿ ಒಲೆಯ ಮುಂದೆ ನಿಲ್ಲುವ ಕೆಲಸಗಾರ, ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಮೂವರದೂ ಮೂರು ಹೊತ್ತಿನ ದುಡಿಮೆ, ಮನೆಯಲ್ಲಿ ಮೂವರೂ ಒಟ್ಟಿಗೆ ಕೂತು ಉಣ್ಣುವುದು ವಾರಕ್ಕೊಮ್ಮೆ. ಮೊದಲು ಅಕ್ಕ ಒಂದು ಆಸ್ಪತ್ರೆಯ ಲಾಂಡ್ರಿಯಲ್ಲಿದ್ದರು. ಅಲ್ಲಿನ ಹಬೆಗೆ ಕೈಯ ಚರ್ಮ ಕಿತ್ತುಬಂದು ಕೆಲಸ ಬಿಟ್ಟಾಗ ಈ ಹಾಲ್‌ನಲ್ಲಿ ಗುಡಿಸುವ ಕೆಲಸ ಸಿಕ್ಕಿತು. ಸಂಬಳ ಲಾಂಡ್ರಿಗಿಂತ ಕಡಿಮೆ, ಆದರೆ ಇಲ್ಲಿ ತಂಪು ಎನ್ನುತ್ತಾರೆ. ಸೇರಿದ ವಾರದಲ್ಲೇ ಅವರಿಗೆ ಇನ್ನೊಂದು ಕೆಲಸವೂ ಅಂಟಿಕೊಂಡಿತು. ಅದಕ್ಕೆ ಸಂಬಳವೂ ಇರಲಿಲ್ಲ, ಹೆಸರೂ ಇರಲಿಲ್ಲ: ಮೆಕ್ಯಾನಿಕ್ ಅಣ್ಣನಿಗೆ ಟಾರ್ಚ್ ಹಿಡಿಯುವುದು.

ಮೆಕ್ಯಾನಿಕ್ ಅಣ್ಣ ಈ ಹಾಲ್‌ನ ಯಂತ್ರಗಳನ್ನು ಮೂವತ್ತನಾಲ್ಕು ವರ್ಷ ಸಾಕಿದವರು. ನಿಜಕ್ಕೂ ಸಾಕಿದ್ದೇ, ಅವರು ಯಂತ್ರಗಳನ್ನು ಬೈಯುವ ರೀತಿ ಕೇಳಿದವರಿಗೆ ಬೇರೆ ಪದ ಹೊಳೆಯುವುದಿಲ್ಲ. ಯಂತ್ರದ ಹೊಟ್ಟೆಯೊಳಗೆ ತಲೆ ಹಾಕಿ ಅವರು ಕೆಲಸ ಮಾಡುವಾಗ ಬೆಳಕು ಬೇಕಿತ್ತು. ಹತ್ತಿರದಲ್ಲಿ ಕೈ ಖಾಲಿ ಇದ್ದವರು ಅಕ್ಕ ಮಾತ್ರ. ಹೀಗೆ ಹನ್ನೊಂದು ವರ್ಷ ಅಕ್ಕ ಟಾರ್ಚ್ ಹಿಡಿದಿದ್ದಾರೆ. ಬೆಳಕು ಬಿದ್ದ ಕಡೆಯೆಲ್ಲ ಅವರ ಕಣ್ಣೂ ಬಿದ್ದಿದೆ, ಆದರೆ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಸ್ವತಃ ಅಕ್ಕನೂ ತೆಗೆದುಕೊಂಡಿರಲಿಲ್ಲ.

ಎರಡು ವರ್ಷಗಳಿಂದ ಅಣ್ಣನ ಕಣ್ಣು ಮಂಜಾಗುತ್ತ ಬಂದಿದೆ. ಅದೊಂದು ವಿಚಿತ್ರ ಕುರುಡು. ನೇರವಾಗಿ ನೋಡಿದ್ದು ಕಾಣುವುದಿಲ್ಲ, ಅದರ ಅಕ್ಕಪಕ್ಕದ್ದು ಮಸುಕಾಗಿ ಕಾಣುತ್ತದೆ. ಸಾಸಿವೆಯಷ್ಟು ಬೆಸುಗೆಯ ಚುಕ್ಕೆಗಳನ್ನು ನೋಡಿ ಬದುಕಿದವರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕಿಲ್ಲ. ಆದರೂ ಅವರು ದಿನಾ ಬೆಳಿಗ್ಗೆ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಬರುತ್ತಾರೆ, ರಿಪೇರಿ ಕೋಣೆಯ ಸ್ಟೂಲಿನ ಮೇಲೆ ಕೂರುತ್ತಾರೆ, ಹಾಲ್‌ನಿಂದ ಬರುವ ಸದ್ದು ಕೇಳಿ ಯಾವ ಯಂತ್ರಕ್ಕೆ ಏನಾಗಿದೆ ಎಂದು ಹೇಳುತ್ತಾರೆ. ಹೇಳುವುದೇನೋ ಸರಿ, ಮಾಡುವವರು ಯಾರು?

ಅಂಥವರನ್ನು ಮಾಲೀಕರು ಊರೆಲ್ಲ ಹುಡುಕಿದ್ದಾರೆ. ಒಬ್ಬ ಟಿವಿ ಮೆಕ್ಯಾನಿಕ್ ಬಂದು, ಇದಕ್ಕೆ ಚಾನೆಲ್ ಹಿಡಿಯುವ ಭಾಗವೇ ಇಲ್ಲ, ಇದು ಟಿವಿಯೇ ಅಲ್ಲ ಎಂದು ಹೇಳಿ ಹೋದ. ಮತ್ತೊಬ್ಬ ಹಿಂಬಾಗಿಲು ತೆಗೆದು ಒಳಗೆ ಇಣುಕಿ, ಇದನ್ನು ಕಿತ್ತು ಬಿಸಾಕಿ ತೆಳು ಪರದೆ ಹಾಕಿಸಿ ಎಂದ. ಮೂರನೆಯವನು ಇವತ್ತು ಬರ್ತೀನಿ, ನಾಳೆ ಬರ್ತೀನಿ ಎಂದವನು ಬರಲೇ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಹದಿನೈದು ಅಡಿ ದೂರದಲ್ಲಿ ನೆಲ ಒರೆಸುತ್ತಿದ್ದವರನ್ನು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಸೋಮವಾರ ಮಾಲೀಕರು ಗುಜರಿಯವರಿಗೆ ಫೋನ್ ಮಾಡಿ ಶನಿವಾರಕ್ಕೆ ಮಾತಾಡಿಕೊಂಡಾಗ ಅಕ್ಕ ಪಕ್ಕದಲ್ಲೇ ಬಟ್ಟೆ ಹಿಂಡುತ್ತಿದ್ದರು. ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡಿದರು. ಆಮೇಲೆ ತಲೆಯೆತ್ತದೆ, “ನಾನೊಂದ್ಸಲ ಬಿಚ್ಚಿ ನೋಡ್ಲಾ ಸಾರ್?” ಎಂದರು. ಮಾಲೀಕರು ನಕ್ಕರು. ಕೆಟ್ಟ ನಗೆಯಲ್ಲ ಅದು, ಆದರೆ ನಗೆಯೇ. ಕೆಟ್ಟುಹೋದ ಯಂತ್ರಕ್ಕೆ ಜಾಗ ಕೊಟ್ಟು ಕೂರಿಸಿಕೊಳ್ಳಲು ತಮ್ಮಿಂದ ಆಗುವುದಿಲ್ಲವೆಂದೂ, ಹೇಗೂ ಗುಜರಿಗೆ ಹೋಗುವುದೇ ಆದ್ದರಿಂದ ಬಿಚ್ಚಿದರೆ ನಷ್ಟವಿಲ್ಲವೆಂದೂ ಹೇಳಿದರು. ಬೆಳಗಿದರೆ ಕೋಣೆ ನಿನ್ನದು ಎಂಬ ಮಾತು ಬಹುಶಃ ನಗುವಿನ ಜೊತೆ ಬಾಯಿತಪ್ಪಿ ಬಂದದ್ದು. ಆದರೆ ಸ್ಟೂಲಿನ ಮೇಲಿದ್ದ ಮೆಕ್ಯಾನಿಕ್ ಅಣ್ಣ, “ನಾನು ಕೇಳಿಸ್ಕೊಂಡಿದೀನಿ” ಎಂದು ಅದಕ್ಕೆ ಮೊಹರು ಒತ್ತಿದರು.

ಬುಧವಾರದ ಬೆಳಿಗ್ಗೆ ಗುಡಿಸಿ ಒರೆಸುವ ಕೆಲಸ ಏಳು ಗಂಟೆಗೇ ಮುಗಿದಿದೆ. ಹಾಲ್ ತೆರೆಯುವುದು ಹತ್ತಕ್ಕೆ. ದಿನಕ್ಕೆ ಸಿಗುವ ಮೂರು ಗಂಟೆಯಲ್ಲೇ ಎಲ್ಲವೂ ಆಗಬೇಕು. ಅಣ್ಣನ ಮೊದಲ ಪಾಠ ಬಿಚ್ಚುವುದಲ್ಲ, ಹೆದರುವುದು. ಪರದೆಯಾಗಿರುವ ಗಾಜಿನ ಪಿಕ್ಚರ್ ಟ್ಯೂಬಿನ ಬೆನ್ನಿಗೆ ರಬ್ಬರ್ ಟೊಪ್ಪಿಗೆಯ ದಪ್ಪ ವೈರೊಂದು ಅಂಟಿಕೊಂಡಿದೆ. ಯಂತ್ರ ಉರಿಯುವಾಗ ಅದರಲ್ಲಿ ಇಪ್ಪತ್ತು ಸಾವಿರ ವೋಲ್ಟಿಗೂ ಮೇಲೆ ಇರುತ್ತದೆ. ಆರಿಸಿದ ಮೇಲೂ ದಿನಗಟ್ಟಲೆ ಅಲ್ಲೇ ಅಡಗಿ ಕೂತಿರಬಹುದು. ಉದ್ದನೆಯ ಸ್ಕ್ರೂಡ್ರೈವರಿಗೆ ವೈರು ಕಟ್ಟಿ, ವೈರಿನ ಇನ್ನೊಂದು ತುದಿಯನ್ನು ಟ್ಯೂಬಿನ ಸುತ್ತಲಿನ ಲೋಹದ ಪಟ್ಟಿಗೆ ಸಿಕ್ಕಿಸಿ, ಟೊಪ್ಪಿಗೆಯ ಅಡಿಗೆ ತೂರಿಸಿ ಅದನ್ನು ಇಳಿಸಬೇಕು.

“ಎಡಗೈ ಬೆನ್ನ ಹಿಂದೆ ಇಟ್ಕೋ. ಎರಡು ಕೈಯೂ ಒಳಗೆ ಹಾಕ್ದೆ ಅಂದ್ರೆ ಕರೆಂಟು ಒಂದು ಕೈಯಿಂದ ಹತ್ತಿ ಎದೆ ದಾಟಿ ಇನ್ನೊಂದು ಕೈಯಿಂದ ಇಳಿಯುತ್ತೆ. ಒಂದೇ ಕೈ ಆದ್ರೆ ಬೈದು ಬಿಡುತ್ತೆ, ಅಷ್ಟೇ,” ಎನ್ನುತ್ತಾರೆ ಅಣ್ಣ.

ಅಕ್ಕ ಎಡಗೈಯನ್ನು ಬೆನ್ನ ಹಿಂದೆ ಒಯ್ದು ಸೊಂಟದ ಪಟ್ಟಿಯೊಳಗೆ ಸಿಕ್ಕಿಸಿಕೊಳ್ಳುತ್ತಾರೆ. ಜೀವ ಬಾಯಿಗೆ ಬಂದಿದೆ, ಅದನ್ನು ಮುಚ್ಚಿಡುವ ಪ್ರಯತ್ನವನ್ನೂ ಅವರು ಮಾಡುವುದಿಲ್ಲ. ಸ್ಕ್ರೂಡ್ರೈವರಿನ ತುದಿ ರಬ್ಬರಿನಡಿಗೆ ಜಾರುತ್ತದೆ. ಟಪ್ ಎಂದು ಒಂದು ಸಣ್ಣ ಸದ್ದು. ಇಪ್ಪತ್ತು ದಿನದಿಂದ ಕಾದು ಕೂತಿದ್ದ ಕರೆಂಟು ಇಳಿದುಹೋಗುತ್ತದೆ. ಇನ್ನೊಂದು ಸಲ ಇಳಿಸು ಎಂದು ಅಣ್ಣ ಹೇಳುತ್ತಾರೆ, ಮತ್ತೊಂದು ಸಲವೂ ಹೇಳುತ್ತಾರೆ. ಆಮೇಲಷ್ಟೇ ಟ್ಯೂಬನ್ನು ಅದರ ಚೌಕಟ್ಟು, ಸರ್ಕ್ಯೂಟ್ ಬೋರ್ಡುಗಳ ಸಮೇತ ಹೊರತೆಗೆಯುವ ಕೆಲಸ. ಇಪ್ಪತ್ತು ಕಿಲೋ ತೂಕ, ಹಿಂದೆ ಬೆರಳಿನಷ್ಟು ಸಪೂರ ಗಾಜಿನ ಕುತ್ತಿಗೆ. ಕುತ್ತಿಗೆಗೆ ತಾಗಿದರೆ ಕಥೆ ಮುಗಿಯಿತು. ಕಾಲೇಜಿಗೆ ಹೊರಟು ದಾರಿಯಲ್ಲಿ ಹಾಲ್‌ಗೆ ಇಳಿದು ಬಂದ ಮಗಳು ಬ್ಯಾಗು ಕೆಳಗಿಟ್ಟು ಇನ್ನೊಂದು ಬದಿ ಹಿಡಿಯುತ್ತಾಳೆ. ರೋಗಿಯನ್ನು ಹಾಸಿಗೆಯಿಂದ ಹಾಸಿಗೆಗೆ ಬದಲಾಯಿಸುವಾಗ ಎಣಿಸುವಂತೆ ಅವಳು ಒಂದು, ಎರಡು, ಮೂರು ಎಣಿಸುತ್ತಾಳೆ.

ಬೆಂಚಿನ ಮೇಲೆ ಇಟ್ಟ ಮೇಲೆ ಗೊತ್ತಾಗುವುದು, ಒಳಗೆ ಎಷ್ಟು ವರ್ಷದ ಧೂಳಿದೆ ಎಂದು. ಧೂಳಿನ ವಿಷಯದಲ್ಲಿ ಕೀಲಿ ಅಕ್ಕನಿಗೆ ಪಾಠ ಬೇಕಿಲ್ಲ. ಮೆತ್ತಗಿನ ಬ್ರಷ್ಷಿನಿಂದ ಅವರು ಇಡೀ ಬೋರ್ಡನ್ನು ಗುಡಿಸುವ ರೀತಿ ನೋಡಿದರೆ ಇಷ್ಟು ವರ್ಷ ನೆಲ ಗುಡಿಸಿದ್ದು ಇದಕ್ಕೇ ಕಲಿತ ಅಭ್ಯಾಸವೋ ಎನಿಸುತ್ತದೆ. ಧೂಳು ಹೋದ ಮೇಲೆ ಟಾರ್ಚ್ ಹಿಡಿದು ನೋಡುತ್ತಾರೆ. ಈಗ ಟಾರ್ಚೂ ಅವರದೇ, ಕಣ್ಣೂ ಅವರದೇ. ಚಿತ್ರವನ್ನು ಮೇಲಕ್ಕೂ ಕೆಳಕ್ಕೂ ಎಳೆದು ಹಿಡಿಯುವ ಭಾಗದಲ್ಲಿ ಬೆಸುಗೆಯ ಸುತ್ತ ಕೂದಲಿನಂಥ ಬಿರುಕುಗಳಿವೆ. ಪಕ್ಕದಲ್ಲಿ ಕರೆಂಟು ಹಿಡಿದಿಡುವ ಪುಟ್ಟ ಡಬ್ಬಿಗಳ, ಅಂದರೆ ಕೆಪಾಸಿಟರುಗಳ, ತಲೆ ಊದಿಕೊಂಡಿದೆ. ಅಣ್ಣ ಎಲ್ಲವನ್ನೂ ಕೇಳಿಸಿಕೊಂಡು, ಬೋರ್ಡಿನಲ್ಲಿರುವ ಇಪ್ಪತ್ತಮೂರು ಕೆಪಾಸಿಟರನ್ನೂ ಬದಲಾಯಿಸು ಎಂದು ತೀರ್ಪು ಕೊಡುತ್ತಾರೆ.

ಪ್ರತಿಯೊಂದಕ್ಕೂ ಒಂದು ಕೂಡು ಕಾಲು, ಒಂದು ಕಳೆ ಕಾಲು. ತಿರುಗುಮುರುಗಾದರೆ ಪಟಾರ್ ಎಂದು ಸಿಡಿಯುತ್ತದೆ. ಅಕ್ಕ ಮಗಳ ಉಗುರುಬಣ್ಣ ತಂದು ಒಂದೊಂದನ್ನು ಕೀಳುವ ಮೊದಲೂ ಕಳೆ ಕಾಲಿನ ಪಕ್ಕ ಬೋರ್ಡಿನ ಮೇಲೆ ಚುಕ್ಕೆಯಿಡುತ್ತಾರೆ. ಬೋರ್ಡಿಗೆ ಗುಲಾಬಿ ಬಣ್ಣದ ದಡಾರ ಬಂದಂತಾಗುತ್ತದೆ. ಆ ಮಧ್ಯಾಹ್ನ ಬಿಡಿಭಾಗದ ಅಂಗಡಿಗೆ ಪಟ್ಟಿ ಹಿಡಿದು ಹೋದದ್ದೂ ಅವರೇ. ಅಂಗಡಿಯವನು ಪಟ್ಟಿ ನೋಡಿ, ಯಾರು ಕಳಿಸಿದ್ದು, ಅವರಿಗೇ ಫೋನ್ ಕೊಡಿ ಎಂದನಂತೆ.

“ಯಾರೂ ಕಳಿಸಿಲ್ಲ, ನನಗೇ ಬೇಕು ಅಂದೆ. ಹಾಗಂದ ಮೇಲೆ ಅಂಗಡಿಯಿಂದ ಆಚೆ ಬರೋವರೆಗೂ ಕಿವಿ ಬಿಸಿಯಾಗಿತ್ತು,” ಎನ್ನುತ್ತಾರೆ ಅಕ್ಕ.

ಗುರುವಾರ ಬೆಸುಗೆ. ಅಣ್ಣ ಅವರನ್ನು ನೇರವಾಗಿ ದೋಣಿ ಯಂತ್ರದ ಬೋರ್ಡಿಗೆ ಬಿಡುವುದಿಲ್ಲ. ಬೀರುವಿನಿಂದ ಸತ್ತ ಬೋರ್ಡೊಂದನ್ನು ತೆಗೆಸಿ ಅರವತ್ತು ಬೆಸುಗೆ ಹಾಕಿಸುತ್ತಾರೆ. ಮೊದಲಿನವು ಗುಡ್ಡೆ ಗುಡ್ಡೆ, ಕೆಲವು ಪಕ್ಕದ ಗೆರೆಗೂ ಹರಿದಿವೆ, ಒಂದು ಅಕ್ಕನ ಹೆಬ್ಬೆರಳಿಗೆ ಬಿದ್ದಿದೆ. ಅಣ್ಣ ಬೋರ್ಡು ತಣ್ಣಗಾದ ಮೇಲೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಸವರುತ್ತ ಪರೀಕ್ಷೆ ಮಾಡುತ್ತಾರೆ. ಒಳ್ಳೆಯ ಬೆಸುಗೆ ನುಣ್ಣಗೆ, ಬದಿಗಳಲ್ಲಿ ಇಳಿಜಾರಾಗಿ ಸಿಗುತ್ತದೆ. ಕೆಟ್ಟದ್ದು ಗುಂಡಿಯಂತೆ ಎದ್ದು ನಿಂತಿರುತ್ತದೆ. ನಲವತ್ತನೆಯದರ ಹೊತ್ತಿಗೆ ಅವರ ಹೆಬ್ಬೆರಳು ಎಲ್ಲೂ ನಿಲ್ಲದೆ ಮುಂದೆ ಸಾಗುತ್ತದೆ. ಹೊಗಳುವ ಅಭ್ಯಾಸವಿಲ್ಲದ ಮನುಷ್ಯ ಅವರು. “ಸರಿ, ಈಗ ಅದನ್ನ ತಗೋ,” ಎಂದಷ್ಟೇ ಹೇಳುತ್ತಾರೆ. ಇಪ್ಪತ್ತಮೂರು ಕೆಪಾಸಿಟರು, ಮೂವತ್ತೊಂದು ಹಳೆಯ ಬೆಸುಗೆ, ಎಲ್ಲವೂ ಶುಕ್ರವಾರ ಬೆಳಗಿನ ಎಂಟರ ಹೊತ್ತಿಗೆ ಮುಗಿಯುತ್ತದೆ. ಕುತ್ತಿಗೆಯ ಸುತ್ತಲಿನ ತಾಮ್ರದ ಸುರುಳಿಯ ವೈರುಗಳನ್ನೂ ಬೋರ್ಡಿಗೆ ಮತ್ತೆ ಬೆಸೆದಿದ್ದಾಗಿದೆ. ಚಿತ್ರವನ್ನು ಪರದೆಯುದ್ದಕ್ಕೂ ಎಳೆದು ಹರಡುವುದು ಆ ಸುರುಳಿಯೇ.

ಕರೆಂಟು ಕೊಡುವ ಹೊತ್ತು. ಯಂತ್ರದ ತಳದಲ್ಲಿದ್ದ ಟ್ರಾನ್ಸ್‌ಫಾರ್ಮರು, ಆಟದ ಬೋರ್ಡು ಎರಡನ್ನೂ ಹಲಗೆ ಸಮೇತ ಬೆಂಚಿಗೆ ತಂದಿದ್ದಾರೆ. ನಡುವೆ ಒಂದು ನೂರು ವಾಟಿನ ಬಲ್ಬು ಸೇರಿಸಿದ್ದಾರೆ. ಒಳಗೆ ಎಲ್ಲಾದರೂ ತಪ್ಪಾಗಿದ್ದರೆ ಬಲ್ಬು ಜೋರಾಗಿ ಉರಿದು ಹೇಳುತ್ತದೆ, ಬೋರ್ಡು ಸುಡುವುದಿಲ್ಲ. ಸ್ವಿಚ್ ಒತ್ತಿದಾಗ ಬಲ್ಬು ಒಮ್ಮೆ ಝಗ್ಗೆಂದು ಹೊತ್ತಿಕೊಂಡು ಮೆಲ್ಲಗೆ ಮಂಕಾಗುತ್ತದೆ. ಟ್ಯೂಬಿನ ಗಾಜು ಸಣ್ಣಗೆ ಚಟಪಟ ಎನ್ನುತ್ತದೆ. ಆಮೇಲೆ, ನಡುವಿನ ಗೆರೆಯಿದ್ದ ಜಾಗದಿಂದ ನದಿ ಮೇಲಕ್ಕೂ ಕೆಳಕ್ಕೂ ಹರಡಿಕೊಳ್ಳುತ್ತದೆ. ನೀಲಿ ನೀರು, ಕಂದು ಬಂಡೆ, ಕೆಂಪು ದೋಣಿ.

ಅಕ್ಕನಿಗೆ ಅಳು ಬರಬೇಕಿತ್ತು, ಅಥವಾ ನಗು. ಬಂದದ್ದು ಬೆವರು. ಏಕೆಂದರೆ ಪರದೆಯ ಮೂಲೆಯಲ್ಲಿರುವ ಅಂಕಿಗಳು ತಿರುಗುಮುರುಗಾಗಿವೆ. ಏಳು ಆ ಕಡೆಗೆ ಮುಖ ಮಾಡಿದೆ, ಮೂರು ಹೊಟ್ಟೆ ತಿರುಗಿಸಿ ಕೂತಿದೆ. ಬಲಗಡೆ ಇರಬೇಕಾದ ಅಂಕಿಗಳೇ ಎಡಗಡೆ ಇವೆ. ಬೆಸೆಯುವಾಗ ವೈರು ಅದಲುಬದಲು ಮಾಡಿದ್ದೇನೆ ಎಂಬ ತೀರ್ಮಾನಕ್ಕೆ ಅಕ್ಕ ಬರಲು ಒಂದು ನಿಮಿಷವೂ ಬೇಕಾಗಲಿಲ್ಲ. ಪಕ್ಕದಲ್ಲಿ ಅಣ್ಣ ಮುಖ ಓರೆ ಮಾಡಿ ಬಣ್ಣದ ಮಸುಕನ್ನು ಹಿಡಿಯಲು ನೋಡುತ್ತ, ಚಿತ್ರ ಹೇಗಿದೆ ಎಂದು ಕೇಳುತ್ತಿದ್ದಾರೆ.

“ಚೆನ್ನಾಗಿದೆ ಅಣ್ಣ,” ಎಂದುಬಿಟ್ಟರು ಅಕ್ಕ.

ಹನ್ನೊಂದು ವರ್ಷದಲ್ಲಿ ಅವರಿಗೆ ಹೇಳಿದ ಮೊದಲ ಸುಳ್ಳು ಅದು. ಮೂರು ದಿನ ಬೆನ್ನಿಗೆ ನಿಂತು ಕಲಿಸಿದವರ ಎದುರು ವೈರು ತಪ್ಪಿಸಿದೆ ಎಂದು ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ ಎನ್ನುತ್ತಾರೆ. ಅಣ್ಣ ಸಂತೋಷದಿಂದ ಚಹಾ ಕುಡಿಯಲು ಮೇಲೆ ಹೋದರು. ಅವರು ಬರುವುದರೊಳಗೆ ಅಕ್ಕ ಎಲ್ಲ ಆರಿಸಿ, ಎಡಗೈ ಬೆನ್ನ ಹಿಂದಿಟ್ಟು, ಕರೆಂಟು ಇಳಿಸಿ, ತಾಮ್ರದ ಸುರುಳಿಯಿಂದ ಬರುವ ಕೆಂಪು ಮತ್ತು ನೀಲಿ ವೈರುಗಳನ್ನು ಅದಲುಬದಲು ಮಾಡಿದರು. ಮತ್ತೆ ಹೊತ್ತಿಸಿದರೆ ಅಂಕಿಗಳೆಲ್ಲ ಶಿಸ್ತಾಗಿ ನೆಟ್ಟಗೆ ನಿಂತಿದ್ದವು. ಯಾರ ಸಹಾಯವೂ ಇಲ್ಲದೆ ಒಂದು ತಪ್ಪನ್ನು ಹುಡುಕಿ ಸರಿಮಾಡಿದೆನಲ್ಲ ಎಂಬ ಹೆಮ್ಮೆಯಲ್ಲಿ ಆ ದಿನ ಅವರು ನೆಲವನ್ನು ಎರಡು ಸಲ ಒರೆಸಿದರು.

ಶನಿವಾರ. ಬೆಳಗಿನ ಎಂಟಕ್ಕೆ ಟ್ಯೂಬು ಯಂತ್ರದ ಹೊಟ್ಟೆಯೊಳಗೆ ಮತ್ತೆ ಅಂಗಾತ ಮಲಗಿದೆ, ಮೇಲೆ ಗಾಜು ಮುಚ್ಚಿದೆ. ಇನ್ನು ಹೊತ್ತಿಸುವುದು ಮಾಲೀಕರ ಎದುರೇ ಎಂದು ಅಕ್ಕ ಕಾದಿದ್ದಾರೆ. ಮಾಲೀಕರು ಒಂಬತ್ತೂವರೆಗೆ ಬರುತ್ತಾರೆ. ಗುಜರಿಯವರೂ ಹೇಳಿದ ಹೊತ್ತಿಗಿಂತ ಮೊದಲೇ ಬಂದಿದ್ದಾರೆ. ಮೆಟ್ಟಿಲ ಮೇಲೆ ಇಬ್ಬರು ಹಗ್ಗ ಹಿಡಿದುಕೊಂಡು ಕೂತಿದ್ದಾರೆ. ಅಕ್ಕ ಸ್ವಿಚ್ ಒತ್ತುತ್ತಾರೆ. ನದಿ ಮೂಡುತ್ತದೆ. ಮಾಲೀಕರ ಹುಬ್ಬು ಮೇಲೇರುತ್ತದೆ. ಅವರು ನಾಣ್ಯ ಹಾಕಿ ಸ್ಟೀರಿಂಗ್ ಹಿಡಿಯುತ್ತಾರೆ. ಎದುರಿಗೆ ಬಂಡೆ ಬರುತ್ತದೆ, ಅವರು ಬಲಕ್ಕೆ ತಿರುಗಿಸುತ್ತಾರೆ, ದೋಣಿ ಎಡಕ್ಕೆ ಹೋಗಿ ಬಂಡೆಗೆ ಬಡಿಯುತ್ತದೆ. ಎಡಕ್ಕೆ ತಿರುಗಿಸಿದರೆ ಬಲಕ್ಕೆ ಹೋಗಿ ದಡಕ್ಕೆ ಬಡಿಯುತ್ತದೆ. ಮೂಲೆಯಲ್ಲಿ ಮೂರು ಮತ್ತೆ ಹೊಟ್ಟೆ ತಿರುಗಿಸಿ ಕೂತಿದೆ.

ಅಕ್ಕನ ಮುಖದಲ್ಲಿ ರಕ್ತವಿಲ್ಲ. ನಿನ್ನೆ ನೆಟ್ಟಗಿದ್ದದ್ದು ಇವತ್ತು ಹೇಗೆ ತಿರುಗಿತು ಎಂದು ಅವರ ತಲೆ ಓಡುತ್ತಿಲ್ಲ. ಮಾಲೀಕರು ಸ್ಟೀರಿಂಗ್ ಬಿಟ್ಟು, ಚಿತ್ರವೇನೋ ಬಂತು, ಆದರೆ ಹೀಗೆ ಎಡಬಲ ತಿರುಗಿದ್ದನ್ನು ಆಡುವವರು ಯಾರಮ್ಮ ಎಂದು ಮೆತ್ತಗೆ ಕೇಳಿ ಮೆಟ್ಟಿಲ ಕಡೆ ನೋಡುತ್ತಾರೆ. ಹಗ್ಗದವರು ಎದ್ದು ನಿಲ್ಲುತ್ತಾರೆ.

ಆಗ ಸ್ಟೂಲಿನಿಂದ ಅಣ್ಣ ಕೇಳಿದ್ದು ಒಂದೇ ಪ್ರಶ್ನೆ: ಬೆಂಚಿನ ಮೇಲೆ ಅಂಕಿ ಹೇಗಿತ್ತು? ಇನ್ನು ಸುಳ್ಳು ಹೇಳಲು ಜಾಗವೇ ಉಳಿದಿರಲಿಲ್ಲ. ಮೊದಲು ತಿರುಗಿತ್ತು ಎಂದೂ, ತಾನು ವೈರು ತಪ್ಪಿಸಿದ್ದೇನೆಂದು ತಿಳಿದು ಅದಲುಬದಲು ಮಾಡಿದೆನೆಂದೂ, ಅವರಿಗೆ ಹೇಳಲಿಲ್ಲವೆಂದೂ ಅಕ್ಕ ಎಲ್ಲರೆದುರು ಒಪ್ಪಿಕೊಂಡರು. ಅಣ್ಣನ ಭುಜ ಕುಲುಕತೊಡಗಿತು. ನಗುತ್ತಿದ್ದರು. ಕೆಮ್ಮು ಬರುವವರೆಗೂ ನಕ್ಕರು.

“ದಿನಾ ಬೆಳಿಗ್ಗೆ ಆ ಕನ್ನಡಿ ಒರೆಸೋರು ಯಾರು ತಂಗಿ?”

ದೀಪದ ಬುಡದಲ್ಲೇ ಕತ್ತಲೆ. ಕನ್ನಡಿಯಲ್ಲಿ ನೆಟ್ಟಗೆ ಕಾಣಬೇಕಾದರೆ ಟ್ಯೂಬಿನಲ್ಲಿ ತಿರುಗಿಯೇ ಇರಬೇಕು. ಈ ಯಂತ್ರ ಹುಟ್ಟಿದಾಗಿನಿಂದ ಅದರ ಅಂಕಿಗಳು ತಿರುಗಿಯೇ ಇವೆ. ಅಕ್ಕ ಶುಕ್ರವಾರ ಬೆಳಿಗ್ಗೆ ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದರು; ಸರಿಯಾಗಿದ್ದದ್ದನ್ನು ಕಷ್ಟಪಟ್ಟು ಕೆಡಿಸಿದ್ದರು. ನಾಲ್ಕು ಸಾವಿರ ಸಲ ಆ ಕನ್ನಡಿ ಒರೆಸಿದ ಕೈಗೆ ಅದು ನೆನಪಾಗಲಿಲ್ಲ. ಟ್ಯೂಬನ್ನು ಕನ್ನಡಿಯಿಲ್ಲದೆ ಅವರು ನೋಡಿದ್ದೇ ಅದು ಮೊದಲ ಸಲ. ಅಕ್ಕ ಟಾರ್ಚ್ ಹಿಡಿದ ಅಷ್ಟು ವರ್ಷದಲ್ಲಿ ಅಣ್ಣ ಈ ಯಂತ್ರದ ಟ್ಯೂಬನ್ನು ಹೊರಗೆ ತೆಗೆದವರೇ ಅಲ್ಲ, ಒಳಗೇ ಕೈ ಹಾಕಿ ಮುಗಿಸುತ್ತಿದ್ದರು. ಅಣ್ಣ ತಪ್ಪಿನಲ್ಲಿ ಅರ್ಧ ಪಾಲು ತೆಗೆದುಕೊಂಡರು. ಕನ್ನಡಿಯ ವಿಷಯ ತಮಗೆ ಎಷ್ಟು ರೂಢಿಯಾಗಿದೆಯೆಂದರೆ ಅದನ್ನು ಹೇಳಿಕೊಡಬೇಕೆಂದೇ ಹೊಳೆಯಲಿಲ್ಲ ಎಂದರು. “ಆದ್ರೆ ಇನ್ನೊಂದು ಮಾತು. ಕಂಡಿದ್ದನ್ನ ಕಂಡ ಹಾಗೆ ಹೇಳು. ನನಗೀಗ 'ಚೆನ್ನಾಗಿದೆ' ಬೇಡ, ನಿನ್ನ ಕಣ್ಣು ಬೇಕು.” ಅಕ್ಕ ತಲೆ ತಗ್ಗಿಸಿದರು.

ಗಂಟೆ ಒಂಬತ್ತು ಐವತ್ತು. ಅಕ್ಕ ಯಂತ್ರದ ಹಿಂಬಾಗಿಲು ತೆಗೆದು ಮಂಡಿಯೂರುತ್ತಾರೆ. ಎಡಗೈ ತಾನಾಗಿಯೇ ಬೆನ್ನ ಹಿಂದೆ ಹೋಗುತ್ತದೆ. ಕರೆಂಟು ಇಳಿಸಿ, ಅಣ್ಣ ಹೇಳದಿದ್ದರೂ ಇನ್ನೊಂದು ಸಲ, ಮತ್ತೊಂದು ಸಲ ಇಳಿಸುತ್ತಾರೆ. ಬೆಸುಗೆ ಹಾಕುವ ಕಡ್ಡಿ ಕಾಯುವವರೆಗೆ ಎಲ್ಲರೂ ಕಾಯುತ್ತಾರೆ. ಕೆಂಪು ವೈರು ಕೆಂಪಿನ ಜಾಗಕ್ಕೆ, ನೀಲಿ ನೀಲಿಯ ಜಾಗಕ್ಕೆ. ಗುಜರಿಯವರಲ್ಲಿ ಒಬ್ಬ ಕುತೂಹಲ ತಡೆಯಲಾರದೆ ಇಳಿದು ಬಂದು ಟಾರ್ಚ್ ಹಿಡಿಯುತ್ತಾನೆ. ಬೆಳಕು ಅತ್ತಿತ್ತ ಹೋದಾಗ, ಸ್ವಲ್ಪ ಈ ಕಡೆ ಎಂದು ಅಕ್ಕ ತಲೆಯೆತ್ತದೆ ಹೇಳುತ್ತಾರೆ.

ಎರಡನೆಯ ಸಲ ಮಾಲೀಕರು ಬಲಕ್ಕೆ ತಿರುಗಿಸಿದಾಗ ದೋಣಿ ಬಲಕ್ಕೆ ಹೋಗುತ್ತದೆ. ಅವರು ಬಂಡೆ ದಾಟಿ, ಸುಳಿ ದಾಟಿ, ಸೇತುವೆಯ ಅಡಿಯಲ್ಲಿ ನುಸುಳಿ, ಮುಂದಿನ ತಿರುವಿನಲ್ಲಿ ತಮ್ಮದೇ ತಪ್ಪಿನಿಂದ ಮುಳುಗುತ್ತಾರೆ. ಮತ್ತೆ ನಾಣ್ಯಕ್ಕಾಗಿ ಜೇಬು ತಡಕುತ್ತಾರೆ. ಮೂರನೆಯ ಆಟ ಮುಗಿದ ಮೇಲೆ ಲಾರಿಯ ನೆನಪಾಗಿ, ಇನ್ನೇನೂ ಇಲ್ಲ, ಹೋಗಿ ಎಂದು ಕೈಬೀಸುತ್ತಾರೆ. ಹಗ್ಗದವರು ಹೋಗುವುದಿಲ್ಲ. ಅವರೂ ಆಡಬೇಕಂತೆ.

ಆ ದಿನ ರಾಶಿ ಜನರೇನೂ ಬರಲಿಲ್ಲ, ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೂವತ್ತೆಂಟು ಮಂದಿ ದೋಣಿ ನಡೆಸಿದರು, ಎಲ್ಲರೂ ಮುಳುಗಿದರು, ಪರದೆಯ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ಪರದೆ ಸರಿಯಾಗಿದ್ದರೆ ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಈ ಕಸುಬಿನ ಕೂಲಿಯೇ ಅದು ಎನ್ನುತ್ತಾರೆ ಅಣ್ಣ. ಅಕ್ಕ ಈಗಲೂ ಪೊರಕೆ ಬಿಟ್ಟಿಲ್ಲ. ಏಳರವರೆಗೆ ಗುಡಿಸುತ್ತಾರೆ, ಏಳರ ಮೇಲೆ ಹಿಂದಿನ ಕೋಣೆ. ಅದಕ್ಕೆ ಬೇರೆ ಸಂಬಳ ಕೊಡುವುದಾಗಿ ಮಾಲೀಕರು ಹೇಳಿದ್ದಾರೆ, ಈ ಸಲ ನಗದೆ ಹೇಳಿದ್ದಾರೆ. ಕೋಣೆಯಲ್ಲಿ ಈಗ ಎರಡು ಸ್ಟೂಲುಗಳಿವೆ.

ಸೋಮವಾರ ಮಧ್ಯಾಹ್ನ ಏಳನೆಯ ಯಂತ್ರದಲ್ಲಿ ಕೆಂಪು ಬಣ್ಣ ಮಾಯವಾಯಿತು. ಮಾಲೀಕರು ವಾಡಿಕೆಯಂತೆ ಮೊಳೆಯಿಂದ ತಗಡಿನ ಹಲಗೆಯೊಂದನ್ನು ತೆಗೆದು ಅದರ ಗಾಜಿನ ಮೇಲೆ ತೂಗುಹಾಕಿ ಹೋದರು. 'ಕೆಟ್ಟಿದೆ' ಎಂದು ಅದರಲ್ಲಿ ಬರೆದಿದೆ. ಅಕ್ಕ ಯಂತ್ರದ ಎದುರು ನಿಂತು ಆ ಹಲಗೆಯನ್ನು ಬಹಳ ಹೊತ್ತು ನೋಡಿದರು, ಮೂಲೆಗೆ ಅಂಟಿದ ಧೂಳನ್ನು ಹೆಬ್ಬೆರಳಿನಿಂದ ತೆಗೆದರು. ಇನ್ನು ನಿಮಗೇನು ಆಸೆ ಎಂದು ಕೇಳಿದ್ದಕ್ಕೆ ಅವರು ತೋರಿಸಿದ್ದು ಅದನ್ನೇ.

“ಇಷ್ಟು ದಿನ ಈ ಹಲಗೆ ಸರಿನೇ ಇತ್ತು, ಬಿಚ್ಚಿ ನೋಡೋರು ಯಾರೂ ಇರ್ಲಿಲ್ಲ. ಇನ್ಮೇಲೆ 'ರಿಪೇರಿಯಲ್ಲಿದೆ' ಅಂತ ಬರೆಸಿ ಕೊಟ್ರೆ ಸಾಕು.”